ಯಾರೂ ತುಳಿಯದ ಜಾಗ

ಹಳಿಯಾಳದ ನಮ್ಮ ಮನೆಯ ಪಡಸಾಲೆಗೆ ಎರಡೇ ಕಂಬ. ಎರಡೂ ಸಾಗವಾನಿಯವು, ನನ್ನ ತೋಳಿಗೆ ಅಪ್ಪಲು ಸಿಗದಷ್ಟು ದಪ್ಪ. ಪ್ರತಿ ರವಿವಾರ ಮಧ್ಯಾಹ್ನ ಆಯಿ, ಎಂದರೆ ನನ್ನ ಅಪ್ಪನ ತಾಯಿ, ಹಳೆಯ ಸೀರೆಯ ಚಿಂದಿಗೆ ನಾಲ್ಕು ಹನಿ ಕುಸುಬಿ ಎಣ್ಣೆ ಹಾಕಿಕೊಂಡು ಆ ಕಂಬಗಳನ್ನು ಬುಡದಿಂದ ತನ್ನ ಕೈ ಎಟಕುವವರೆಗೆ ಒರೆಸುತ್ತಿದ್ದಳು. ಅಲ್ಲಿಂದ ಮೇಲಿನದು ಅಪ್ಪನ ಪಾಲಿನ ಕೆಲಸ. ಅವನು ಒಂದು ದಿನವೂ ಮಾಡಿದವನಲ್ಲ. ಹೀಗಾಗಿ ನಮ್ಮ ಕಂಬಗಳು ಅರ್ಧದವರೆಗೆ ಮಿರಮಿರ, ಮೇಲೆಲ್ಲ ಜೇಡರ ಬಲೆ. ಕಂಬಗಳ ನಡುವೆ ಆಯಿಯ ಪೂಜೆಯ ಮಣೆ. ಮಣೆಯ ಎದುರಿನ ಗೋಡೆಗೆ ಮೈಸೂರು ಅರಮನೆಯ ಚಿತ್ರ. ಯಾವುದೋ ಕಾಲದ ಕ್ಯಾಲೆಂಡರಿನದು. ತಾರೀಖಿನ ಭಾಗ ಕತ್ತರಿಸಿ ಕಟ್ಟು ಹಾಕಿಸಿದ್ದರು. ದೇವರ ಪಟಗಳೆಲ್ಲ ಪಕ್ಕದ ಗೋಡೆಯಲ್ಲಿ ಸಣ್ಣಗೆ ತೂಗುತ್ತಿದ್ದರೆ ಅರಮನೆ ಮಾತ್ರ ನಟ್ಟನಡುವೆ ದೊಡ್ಡದಾಗಿ ಕೂತಿತ್ತು. ಹಾಗಂತ ಆಯಿಗೆ ರಾಜರ ಮೇಲೆ ಭಕ್ತಿಯೇನೂ ಇರಲಿಲ್ಲ. ಅವಳ ಚಿಂತೆಯೇ ಬೇರೆ.

"ಎರಡ ಕಂಬ ಒರಸೂದ್ರಾಗ ನನ್ನ ಸೊಂಟ ಹಿಡಕೋತೈತಿ. ಅಷ್ಟೊಂದ ಕಂಬ ಅಲ್ಲೆ ಯಾರ ಒರಸ್ತಾರಂತೀನಿ? ಒಮ್ಮಿ ಹೋಗಿ ನೋಡಿ ಬರಬೇಕು."

ಈ ಮಾತನ್ನು ನಾನು ಹುಟ್ಟುವ ಮೊದಲಿನಿಂದಲೂ ಅವಳು ಹೇಳುತ್ತಿದ್ದಳಂತೆ. ಅಪ್ಪ 'ಮುಂದಿನ ವರ್ಷ' ಅನ್ನುತ್ತಿದ್ದ. ಮನೆಯ ಮುಂಭಾಗದಲ್ಲೇ ಅಪ್ಪನ ಬಟ್ಟೆ ಅಂಗಡಿ. ದಾಂಡೇಲಿಯ ಮಿಲ್ಲಿನವರು ಪಗಾರ ಆದ ವಾರ ಬರುತ್ತಿದ್ದರು. ಮುಂಡಗೋಡದ ಟಿಬೆಟನ್ ಕಾಲೊನಿಯವರಿಗೆಂದು ಕೆಂಪು ಬಟ್ಟೆಯ ತಾನುಗಳು ಒಂದು ಮೂಲೆಯಲ್ಲಿ ಸದಾ ಇರುತ್ತಿದ್ದವು. ಸಂತೆಯ ದಿನವಂತೂ ಕಾಲಿಡಲು ಜಾಗವಿಲ್ಲ. ಅಷ್ಟು ಮಂದಿಯ ಚಪ್ಪಲಿಗಳನ್ನು ಕಾಯುವುದು ಆಯಿಯ ಪಾಲಿನ ಕೆಲಸವಾಗಿತ್ತು, ಯಾರೂ ಹೇಳದೆ ಅವಳೇ ಹಚ್ಚಿಕೊಂಡದ್ದು. ಕಟ್ಟೆಯ ಕೆಳಗೇ ಬಿಡಬೇಕು, ತುದಿ ಓಣಿಯ ಕಡೆ ಮುಖ ಮಾಡಿರಬೇಕು. ಚಪ್ಪಲಿ ಮುಟ್ಟಿದ ಕೈ ತೊಳೆಯದೆ ಯಾರಾದರೂ ಹೊಸ್ತಿಲು ದಾಟಿದರೆ ಮುಗಿಯಿತು, ಬಚ್ಚಲಿಗೆ ಅಟ್ಟುತ್ತಿದ್ದಳು. ಒಮ್ಮೆ ನನ್ನ ಸೋದರಮಾವ ಮಳೆಯಲ್ಲಿ ನೆಂದ ಚಪ್ಪಲಿಯನ್ನು ಪಡಸಾಲೆಯ ಮೂಲೆಯಲ್ಲಿ ಒಣಗಲು ಇಟ್ಟಿದ್ದಕ್ಕೆ ಆಯಿ ಎರಡು ಹೊತ್ತು ಊಟ ಬಿಟ್ಟು ಇಡೀ ಮನೆ ಸಾರಿಸಿದ್ದಳು. ಅವಳ ಸ್ವಂತ ಚಪ್ಪಲಿ ಕರಿ ತೊಗಲಿನವು. ಬಲಗಾಲಿನದರ ಉಂಗುಟ ಕಿತ್ತುಹೋದಾಗ ಕರಿ ದಾರ ತೀರಿತ್ತೆಂದು ಕೆಂಪು ದಾರದಲ್ಲಿ ಹೊಲಿಸಿಕೊಂಡು ಬಂದಿದ್ದಳು. ಓಣಿಯಲ್ಲೆಲ್ಲ ಅವಳ ಚಪ್ಪಲಿ ಅಂದರೆ ಗುರುತು ಸಿಗುತ್ತಿತ್ತು.

ಬೆಳಗಿನ ಪೂಜೆಗೆ ಆಯಿಯ ಕೈಯಾಳು ನಾನು. ನಮ್ಮದು ಲಿಂಗವಂತರ ಮನೆ. ಆಯಿಯ ಕೊರಳಲ್ಲಿ ಶಿವದಾರ, ದಾರದಲ್ಲಿ ಬೆಳ್ಳಿಯ ಕರಡಿಗೆ, ಕರಡಿಗೆಯೊಳಗೆ ಬಿಳಿಯ ವಸ್ತ್ರದಲ್ಲಿ ಸುತ್ತಿಟ್ಟ ನೇರಳೆ ಹಣ್ಣಿನಷ್ಟು ಕರಿಯ ಇಷ್ಟಲಿಂಗ. ಸ್ನಾನವಾದ ಮೇಲೆ ಅದನ್ನು ತೆಗೆದು ಎಡ ಅಂಗೈಯಲ್ಲಿ ಇಟ್ಟುಕೊಂಡು ನೀರೆರೆದು, ವಿಭೂತಿ ಹಚ್ಚಿ, ಪತ್ರಿ ಏರಿಸಿ ಕಣ್ಣು ಮುಚ್ಚಿ ಕೂರುತ್ತಿದ್ದಳು. ಪತ್ರಿ ತಂದು ಕೊಡುತ್ತಿದ್ದವಳು ಕಾಡಂಚಿನ ಹಳ್ಳಿಯ ಸಿದ್ದಿ ಹೆಂಗಸು ರೋಸಾಬಾಯಿ. ಅವಳು ಹೋಗುತ್ತಿದ್ದದ್ದು ಇಗರ್ಜಿಗೆ, ಆದರೆ ಯಾವ ಬಿಲ್ವದ ಎಲೆಗೆ ಹುಳ ಬಿದ್ದಿದೆ ಎಂಬುದನ್ನು ಆಯಿಗಿಂತ ಚೆನ್ನಾಗಿ ಬಲ್ಲಳು. ಪೂಜೆ ಮುಗಿಯುತ್ತಲೇ ಆಯಿ ಲಿಂಗವನ್ನು ಒರೆಸಿ ವಸ್ತ್ರದಲ್ಲಿ ಸುತ್ತಿ ಕರಡಿಗೆಗೆ ಹಾಕಿಕೊಳ್ಳಬೇಕು. ತಾಟಿನಲ್ಲಿ ಉಳಿದ ಪತ್ರಿ ಹೂವನ್ನು ನಾನು ಎತ್ತಿಕೊಂಡು ಹಿತ್ತಲಿನ ಕಣಗಿಲೆ ಗಿಡದ ಬುಡಕ್ಕೆ, ಯಾರೂ ತುಳಿಯದ ಜಾಗಕ್ಕೆ ಹಾಕಿ ಬರಬೇಕು. ಎತ್ತುವ ಮೊದಲು ಒಂದು ಮಾತು ಕೇಳಬೇಕೆಂದು ಆಯಿ ನನಗೆ ಕಲಿಸಿದ್ದಳು. ಬೆಳಗಿನ ಹೊತ್ತು ನಮ್ಮ ಮನೆಯಲ್ಲಿ ಬೇರೇನು ತಪ್ಪಿದರೂ ಈ ಮಾತು ತಪ್ಪುತ್ತಿರಲಿಲ್ಲ.

"ಆಯಿ, ಲಿಂಗ ತಗೊಂಡಿ?"

"ತಗೊಂಡ್ನಿ. ಎತ್ತು."

ಲಿಂಗ ಮೈಮೇಲೆ ಇಲ್ಲದಾಗ ಆಯಿಯಂಥವರು ಹನಿ ನೀರನ್ನೂ ಗಂಟಲಿಗೆ ಇಳಿಸುವುದಿಲ್ಲ. ಉಗುಳನ್ನೂ ನುಂಗುವುದಿಲ್ಲ. ಲಿಂಗ ಹೋದರೆ ಪ್ರಾಣವೂ ಹೋಯಿತೆಂದೇ ಲೆಕ್ಕ. ಈಗಿನವರಿಗೆ ಇದು ಅತಿ ಅನ್ನಿಸಬಹುದು. ನನಗೆ ಆಗ ಒಂಬತ್ತು ವರ್ಷ. ಬೆಂಕಿ ಸುಡುತ್ತದೆ ಅನ್ನುವಷ್ಟೇ ಸಹಜವಾಗಿ ಇದನ್ನೂ ತಿಳಿದುಕೊಂಡಿದ್ದೆ.

ಆ ವರ್ಷ ಆಯಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾಯಿತು. ಡಾಕ್ಟರು ಗುಳಿಗೆ ಬರೆದುಕೊಟ್ಟು, ಗುಳಿಗೆ ನುಂಗಿದ ಅರ್ಧ ತಾಸಿನೊಳಗೆ ಊಟ ಮಾಡಲೇಬೇಕು, ಇಲ್ಲದಿದ್ದರೆ ಜೀವಕ್ಕೆ ಅಪಾಯ ಎಂದು ಹೇಳಿ ಕಳಿಸಿದರು. ಅದೇ ಸಂಜೆ ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಹಿಟ್ಟಿನ ಕೈಯಲ್ಲೇ ಅಡುಗೆಮನೆಯ ಬಾಗಿಲಿಗೆ ಬಂದು ನಿಂತು ಅಪ್ಪನೊಡನೆ ಜಗಳ ತೆಗೆದಳು. ತನಗಾಗಿ ಎಂದೂ ಬಾಯಿ ತೆರೆಯದವಳು ಅತ್ತೆಗಾಗಿ ಜಗಳಕ್ಕೆ ನಿಂತದ್ದು ನೋಡಿ ನಾನು ಬೆರಗಾದೆ.

"ಕೇಳಿ ಕೇಳಿ ಆ ಜೀವಕ್ಕ ಸಾಕಾಗೇತಿ. ಕರಕೊಂಡ ಹೋಗ್ರಿ ಒಮ್ಮಿ. ನಿಮ್ಮ ಅಂಗಡಿ ಒಂದ ದಿನಾ ಮುಚ್ಚಿದ್ರ ಹಳಿಯಾಳದ ಮಂದಿ ಅರಬಿ ಇಲ್ದ ತಿರಗೂದಿಲ್ಲ."

"ಒಂದ ದಿನಾ ಅಂದ್ರ ಒಂದ ದಿನಾ. ಬೆಳಿಗ್ಗೆ ಇಳಿಯೂದು, ಅರಮನಿ ನೋಡೂದು, ಸಂಜೀ ಗಾಡಿ ಹತ್ತೂದು. ಮರದಿನಾ ಸಂತಿ ಐತಿ."

ರೈಲು ಮೈಸೂರಿಗೆ ಮೂರು ತಾಸು ತಡವಾಗಿ ಮುಟ್ಟಿತು. ಅಲ್ಲಿಂದಲೇ ಅಪ್ಪನ ತಲೆ ಕೆಟ್ಟಿತು. ಒಂದು ದಿನದಲ್ಲಿ ಮೂರು ತಾಸು ಹೋದರೆ ಉಳಿಯುವುದೆಷ್ಟು ಎಂದು ದಾರಿಯುದ್ದಕ್ಕೂ ಗೊಣಗಿದ. ಸ್ಟೇಷನ್ನಿನ ಹತ್ತಿರದ ಒಂದು ಲಾಡ್ಜಿನಲ್ಲಿ ಸ್ನಾನಕ್ಕೆಂದು ಒಂದು ತಾಸಿಗೆ ಕೋಣೆ ಹಿಡಿದೆವು. ಒಂದೇ ಕೋಣೆ, ಒಂದೇ ಬಚ್ಚಲು. ಆಯಿ ಸ್ನಾನ ಮುಗಿಸಿ ಮಂಚದ ಪಕ್ಕದ ಇಕ್ಕಟ್ಟಿನಲ್ಲಿ ಟವೆಲ್ಲು ಹಾಸಿಕೊಂಡು ಪೂಜೆಗೆ ಕೂತಳು. ನಾನು ಊರಿನಿಂದ ತಂದ ಪತ್ರಿಯ ಪುಡಿಕೆ ಬಿಚ್ಚಿ ಕೊಟ್ಟೆ. ಹೊರಗಿನಿಂದ ಅಪ್ಪ ಬಾಗಿಲು ಬಡಿಯುತ್ತಲೇ ಇದ್ದ.

"ಯವ್ವಾ, ಆಟೋ ನಿಂತಾವ! ಮುಗೀತೇನ? ಬುತ್ತಿ ಅಲ್ಲೇ ಗಿಡದ ಕೆಳಗ ಉಣ್ಣೂಣು, ಮದಲ ಹೋಗೂಣು ನಡೀರಿ!"

ಆಯಿ ಎಂದೂ ಪೂಜೆಯಲ್ಲಿ ಅವಸರ ಮಾಡಿದವಳಲ್ಲ. ಅವತ್ತು ಮಾಡಿದಳು. ಲಿಂಗವನ್ನು ಪತ್ರಿ ಸಮೇತ ತಾಟಿನಲ್ಲಿ ಇಳಿಸಿ, ಏಳಲು ಮಂಚದ ಕಾಲು ಹಿಡಿದಳು. ಅಷ್ಟರಲ್ಲಿ ಅವ್ವ ಗುಳಿಗೆ ಮತ್ತು ನೀರು ಹಿಡಿದು ಬಂದಳು. ಆಯಿ ಕರಡಿಗೆಯ ಮುಚ್ಚಳ ಒತ್ತಿ ಹಾಕಿ, ಗುಳಿಗೆ ನುಂಗಿ, ಸೆರಗು ಸರಿಮಾಡಿಕೊಂಡಳು. ಕರಡಿಗೆ ಮುಚ್ಚಿದ ಸದ್ದು ಕೇಳಿದ ಮೇಲೆ ಎಲ್ಲ ಮುಗಿಯಿತೆಂದೇ ಅಂದುಕೊಂಡೆ. ತಾಟಿನಲ್ಲಿದ್ದ ಪತ್ರಿ ಹೂವನ್ನೆಲ್ಲ ಒಂದು ಪೇಪರಿಗೆ ಸುರಿದು ಮಡಚಿದೆ. ಆ ಮಾತು ಕೇಳಲಿಲ್ಲ. ವರ್ಷಗಟ್ಟಲೆ ದಿನಾ ಕೇಳಿದವಳು ಅದೊಂದು ದಿನ ಕೇಳಲಿಲ್ಲ.

"ಅವ್ವಾ, ಇದನ್ನ ಎಲ್ಲೆ ಹಾಕ್ಲಿ?"

"ಯಾರೂ ತುಳೀದ ಜಾಗಾ ನೋಡಿ ಹಾಕವಾ. ಏನರ ಮಾಡು, ಲಗೂನ ಮಾಡು!"

ಲಾಡ್ಜಿನ ಮುಂದೆ ಬರೀ ಸಿಮೆಂಟು. ಆಟೋದಲ್ಲಿ ಆ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಅರಮನೆಯ ಆವರಣದಲ್ಲಿ ಗಿಡಗಳಿದ್ದವು, ಆದರೆ ಹುಲ್ಲಿನ ಸುತ್ತ ಬೇಲಿ. ಅಪ್ಪ ಟಿಕೀಟು ತಂದು ನಮ್ಮನ್ನು ತಳ್ಳಿಕೊಂಡು ಚಪ್ಪಲಿ ಬಿಡುವ ಜಾಗಕ್ಕೆ ಒಯ್ದ. ಅಲ್ಲಿ ಇಷ್ಟೆತ್ತರದ ಕಬ್ಬಿಣದ ಕಪಾಟು, ಗೂಡು ಗೂಡು. ಎಲ್ಲರ ಚಪ್ಪಲಿಯನ್ನೂ ಜೋಡಿಸಿ ಕೊಡುವುದು ನನ್ನ ಕೆಲಸವಾಯಿತು. ಕೈಯಲ್ಲಿ ಗಂಟು, ಹಿಂದೆ ಮಂದಿ, ಅಪ್ಪನ ಕೂಗು. ನೆಲಕ್ಕಿಟ್ಟರೆ ತುಳಿಯುತ್ತಾರೆ. ಆ ಗಳಿಗೆಯಲ್ಲಿ ನನ್ನ ಬುದ್ಧಿಗೆ ಹೊಳೆದದ್ದನ್ನು ಈಗ ಬರೆಯಲೂ ನಾಚಿಕೆಯಾಗುತ್ತದೆ. ಗೂಡಿನಲ್ಲಿ ಇಟ್ಟ ಚಪ್ಪಲಿಯನ್ನು ಯಾರೂ ಮೆಟ್ಟುವುದಿಲ್ಲ, ಅಲ್ಲಿಗೆ ಯಾರ ಕಾಲೂ ಬರುವುದಿಲ್ಲ. ಪತ್ರಿ ಆಯಿಯದು, ಚಪ್ಪಲಿಯೂ ಆಯಿಯದೇ. ಬರುವಾಗ ತೆಗೆದುಕೊಂಡು ಯಾವುದಾದರೂ ಗಿಡಕ್ಕೆ ಹಾಕಿದರಾಯಿತು. ಕೆಂಪು ದಾರದ ಚಪ್ಪಲಿಯೊಳಗೆ ಗಂಟು ತುರುಕಿ, ಕೈ ಲಂಗಕ್ಕೆ ಒರೆಸಿಕೊಂಡು ಓಡಿದೆ. ಯಾರೂ ನೋಡಲಿಲ್ಲ.

ಒಳಗೆ ಮಂದಿಯೋ ಮಂದಿ. ನಿಲ್ಲುವ ಹಾಗಿಲ್ಲ, ಹಿಂದಿನವರು ಮುಂದೆ ನೂಕುತ್ತಾರೆ. ಬಣ್ಣದ ಗಾಜಿನ ಚಾವಣಿ ನೋಡಲು ಕತ್ತೆತ್ತಿದರೆ ಅಪ್ಪ ಗಡಿಯಾರ ನೋಡಿಕೊಂಡು 'ನಡೀರಿ, ನಡೀರಿ' ಅನ್ನುತ್ತಿದ್ದ. ಆಯಿ ಮಾತ್ರ ಯಾವುದಕ್ಕೂ ಬಗ್ಗದೆ ನೆಲ ನೋಡುತ್ತ, ಗೋಡೆಯ ಸಂದಿ ನೋಡುತ್ತ, ಎಲ್ಲಿ ಕಸ ಉಳಿದಿದೆ ಎಂದು ಹುಡುಕುತ್ತ ಬಂದಳು. ಮೇಲಿನ ದರ್ಬಾರು ಹಾಲಿಗೆ ಬಂದಾಗ ನಿಂತುಬಿಟ್ಟಳು. ಉದ್ದಕ್ಕೂ ಕಂಬಗಳು, ಸಾಲಿಗೆ ಸಾಲು, ಬುಡದಿಂದ ನೆತ್ತಿಯವರೆಗೂ ಒಂದೇ ಹೊಳಪು. ಒಬ್ಬ ಹೆಂಗಸು ದೂರದಲ್ಲಿ ನೆಲ ಒರೆಸುತ್ತಿದ್ದಳು. ಆಯಿಯ ಮುಖ ಅರಳಿತು, ನನ್ನ ಭುಜ ತಟ್ಟಿದಳು.

"ನೋಡ ಗಿರ್ಜಿ, ನಾ ಹೇಳಿದ್ದಿಲ್ಲ? ಒರಸಾಕ ಮಂದಿ ಅದಾರ. ಪಾಪ, ಇಕಿ ಸೊಂಟಾ ಹೆಂಗ ಇರಬೇಕು."

ಒಳ್ಳೆಯದೇನು ಕಂಡರೂ ಕರಡಿಗೆಯನ್ನು ಕಣ್ಣಿಗೆ ಒತ್ತಿಕೊಳ್ಳುವುದು ಆಯಿಯ ರೂಢಿ. ತಾನು ನೋಡಿದ್ದನ್ನು ಲಿಂಗಕ್ಕೂ ತೋರಿಸಿದ ಹಾಗೆ. ಕರಡಿಗೆಯನ್ನು ಕೈಗೆತ್ತಿಕೊಂಡವಳು ಹಾಗೇ ನಿಂತಳು. ಒಮ್ಮೆ ಅಂಗೈಯಲ್ಲಿ ತೂಗಿ ನೋಡಿದಳು. ಮುಚ್ಚಳ ತೆಗೆದಳು. ಒಳಗೆ ಬಿಳಿಯ ವಸ್ತ್ರ ಮಾತ್ರ ಇತ್ತು. ಆಯಿ ಕೂಗಲಿಲ್ಲ. ಅಲ್ಲೇ ಒಂದು ಕಂಬಕ್ಕೆ ಒರಗಿ ನಿಧಾನಕ್ಕೆ ನೆಲಕ್ಕೆ ಕೂತು, ಸೆರಗಿನ ತುದಿಯನ್ನು ಬಾಯಿಗೆ ಒತ್ತಿ ಹಿಡಿದಳು. ಆಗಿನಿಂದ ಉಗುಳನ್ನೂ ನುಂಗಲಿಲ್ಲ.

ನನಗೆ ಆ ಕ್ಷಣವೇ ತಿಳಿಯಿತು. ಲಾಡ್ಜಿನ ತಾಟು, ಪೇಪರು, ಗಂಟು, ಚಪ್ಪಲಿ, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂತು. ಹೇಳಬೇಕು ಅಂತ ಬಾಯಿ ತೆರೆದವಳು ಮುಚ್ಚಿಕೊಂಡೆ. ಕಳೆದಿದೆ ಅಂದರೆ ಹುಡುಕಬಹುದು. ಚಪ್ಪಲಿಯೊಳಗೆ ಇದೆ ಅಂದರೆ ಆಯಿ ಅಲ್ಲಿಯೇ ಸಾಯುತ್ತಾಳೆ ಅಂದುಕೊಂಡೆ. ನಿಜ ಹೇಳಬೇಕೆಂದರೆ, ನನ್ನನ್ನು ಇನ್ನು ಯಾರೂ ಮನೆಯೊಳಗೆ ಸೇರಿಸುವುದಿಲ್ಲ ಎಂಬ ಹೆದರಿಕೆಯೇ ಅದಕ್ಕಿಂತ ದೊಡ್ಡದಾಗಿತ್ತು. ಅವ್ವ ಅಪ್ಪನ ಮೇಲೆ ಹರಿಹಾಯ್ದಳು.

"ನಿಮ್ಮ ಅವಸರಕ್ಕ ಬೆಂಕಿ ಬೀಳ್ಲಿ! ಗುಳಿಗಿ ನುಂಗಿ ತಾಸ್ ಮ್ಯಾಲಾತು, ಹೊಟ್ಟ್ಯಾಗ ಒಂದ ತುತ್ತಿಲ್ಲ. ಅತ್ತೀರ, ಒಂದ ಚೂರ ಸಕ್ರಿ ಬಾಯಾಗ ಹಾಕ್ಕೋರಿ, ಕಾಲಿಗೆ ಬೀಳ್ತೇನಿ."

ಆಯಿ ತಲೆ ಅಲ್ಲಾಡಿಸಿದಳು. ಆಗಲೇ ಅವಳ ಕೈ ನಡುಗತೊಡಗಿತ್ತು. ಹಣೆಯ ವಿಭೂತಿ ಬೆವರಿನಲ್ಲಿ ಕರಗಿ ಹುಬ್ಬಿಗೆ ಇಳಿಯಿತು. ಅಪ್ಪ ಬಂದ ದಾರಿಯಲ್ಲಿ ನೆಲ ನೋಡುತ್ತ ಹಿಂದಕ್ಕೆ ಓಡಿದ. ಎದುರಿನಿಂದ ಬರುವ ಮಂದಿ ಅವನನ್ನು ಬೈಯುತ್ತಿದ್ದರು. ಚಪ್ಪಲಿಗೆ ಕೊಟ್ಟ ಟೋಕನ್ನು ಅವನ ಜೇಬಿನಲ್ಲಿತ್ತು. ಆಯಿ ಒಮ್ಮೆ ನನ್ನನ್ನು ನೋಡಿದಳು, ಏನೂ ಕೇಳಲಿಲ್ಲ. ಅಷ್ಟೇ ಸಾಕಾಯಿತು. ಅವ್ವನಿಗೂ ಹೇಳದೆ ನಾನು ಓಡಿದೆ.

ಹೇಗೆ ಹೊರಗೆ ಬಂದೆನೋ ಗೊತ್ತಿಲ್ಲ. ಹೊರಗಿನ ಕಲ್ಲು ಕಾದು ಕೆಂಡವಾಗಿತ್ತು, ಬರಿಗಾಲು. ಚಪ್ಪಲಿಯ ಜಾಗ ಯಾವ ಕಡೆ ಎಂದು ತಿಳಿಯದೆ ಅರಮನೆಯ ಒಂದು ಮಗ್ಗುಲು ಪೂರ್ತಿ ತಪ್ಪಿ ಓಡಿ, ಮತ್ತೆ ಹಿಂದಕ್ಕೆ ಬಂದೆ. ಕಪಾಟಿನ ಮುಂದಿದ್ದವನು ನಡುವಯಸ್ಸಿನ ಸಮಾಧಾನದ ಮನುಷ್ಯ. ನಾನು ಅಳುತ್ತ ಹೇಳಿದ್ದು ಅವನಿಗೆ ಅರ್ಧವೂ ತಿಳಿಯಲಿಲ್ಲ.

"ಟೋಕನ್ ಇಲ್ದೆ ಚಪ್ಪಲಿ ಕೊಡೋಕಾಗಲ್ಲ ಮಗು. ಅಪ್ಪನ್ನ ಕರ್ಕೊಂಡು ಬಾ."

"ಚಪ್ಪಲಿ ಬ್ಯಾಡ್ರಿ! ಕರೀ ಚಪ್ಪಲಿ, ಬಲಗಾಲಿಂದಕ್ಕ ಕೆಂಪ ದಾರಾ ಐತಿ. ಅದರಾಗ ಪೇಪರಿನ ಗಂಟ ಐತ್ರಿ. ಅದೊಂದ ಕೊಡ್ರಿ. ನಮ್ಮಾಯಿ ಒಳಗ ಸಾಯಾಕತ್ತಾಳ್ರಿ!"

ಅವನು ನನ್ನ ಮುಖ ನೋಡಿದ. ಎರಡು ಸಾಲು ಹುಡುಕಿ, ಕೆಂಪು ದಾರ ಗುರುತು ಹಿಡಿದು, ಗಂಟನ್ನು ಎಳೆದ. ಪೇಪರು ಹರಿದು ಎರಡು ಪತ್ರಿ ಇಣುಕಿದವು. ಅವನ ಹುಬ್ಬು ಗಂಟಿಕ್ಕಿತು. ಗಂಟನ್ನು ಎರಡೂ ಕೈಯಲ್ಲಿ ಹಿಡಿದು ನನಗೆ ಕೊಟ್ಟ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ದೇವರ ಹೂವನ್ನ ಯಾರಾದ್ರೂ ಚಪ್ಪಲೀಲಿ ಇಡ್ತಾರೇನಮ್ಮಾ?"

ಒಳಬಾಗಿಲಲ್ಲಿ ಕಾವಲಿನವನು ಟಿಕೀಟು ಕೇಳಿದ. ಅವನಿಗೂ 'ನಮ್ಮಾಯಿ ಸಾಯಾಕತ್ತಾಳ' ಅಂದೆ. ಅವನು ನನ್ನ ರಟ್ಟೆ ಹಿಡಿದು ಮಂದಿಯನ್ನು ಸರಿಸುತ್ತ ಮೆಟ್ಟಿಲಿನವರೆಗೆ ತಂದು ಬಿಟ್ಟ. ಮೆಟ್ಟಿಲ ತಿರುವಿನಲ್ಲಿ ಗೋಡೆಗೆ ಮುಖ ಮಾಡಿ ನಿಂತು ಗಂಟು ಬಿಚ್ಚಿದೆ. ಬಾಡಿದ ಪತ್ರಿಯ ನಡುವೆ ಲಿಂಗ ಇತ್ತು. ಅದನ್ನು ಲಂಗದಲ್ಲಿ ಒರೆಸಿದೆ, ಮತ್ತೆ ಒರೆಸಿದೆ, ಎಂಜಲು ತಾಗಬಾರದೆಂದು ಊದಲೂ ಹೆದರಿದೆ. ಪತ್ರಿಯನ್ನು ಲಂಗದ ಜೇಬಿಗೆ ತುರುಕಿ ಓಡಿದೆ.

ಆಯಿ ಅವ್ವನ ತೊಡೆಯ ಮೇಲೆ ಮಲಗಿದ್ದಳು. ಸೀರೆ ಬೆವರಿಗೆ ಒದ್ದೆ, ಕಣ್ಣು ಅರ್ಧ ಮುಚ್ಚಿತ್ತು. ಸುತ್ತ ಜನ ಗುಂಪುಗೂಡಿ ಗಾಳಿಗೆ ಅಡ್ಡವಾಗಿದ್ದರು. ಅಪ್ಪ ಮೊಣಕಾಲೂರಿ ಕೂತು ಸಕ್ಕರೆ ಹಿಡಿದ ಬೆರಳನ್ನು ಅವಳ ತುಟಿಗೆ ಒತ್ತುತ್ತಿದ್ದ. ಅವಳ ಹಲ್ಲು ಗಟ್ಟಿ ಕಚ್ಚಿತ್ತು. ಅಪ್ಪ ಅಳುವುದನ್ನು ನಾನು ಮೊದಲ ಸಲ ನೋಡಿದ್ದು ಆಗಲೇ.

"ಯವ್ವಾ, ಬಾಯಿ ತೆರಿ. ಊರಿಗೆ ಹೋಗಿ ಅಯ್ಯಗಳ ಕೈಲೆ ಬ್ಯಾರೆ ಲಿಂಗಾ ಕಟ್ಟಸ್ತೇನಿ. ಬಾಯಿ ತೆರಿ ಬೇ, ನನ್ನ ಸಂಬಂಧ ತೆರಿ!"

ನಾನು ಗುಂಪಿನ ಕಾಲ ಸಂದಿಯಲ್ಲಿ ನುಗ್ಗಿ ಲಿಂಗವನ್ನು ಆಯಿಯ ಎಡ ಅಂಗೈಯಲ್ಲಿ ಇಟ್ಟು ಬೆರಳು ಮುಚ್ಚಿದೆ. ಬೆರಳುಗಳಿಗೆ ಒಮ್ಮೆಲೇ ಜೀವ ಬಂತು. ಮುಷ್ಟಿ ಬಿಗಿಯಾಯಿತು.

"ಎಲ್ಲೆ ಸಿಕ್ತ?" ಅಂತ ಅವ್ವ ಚೀರಿದಳು.

"ಇಲ್ಲೇ. ಆ ಕಂಬದ ಬುಡಕ ಬಿದ್ದಿತ್ತು."

ಒಂಬತ್ತು ವರ್ಷದವಳ ಬಾಯಿಯಿಂದ ಸುಳ್ಳು ಅಷ್ಟು ಸಲೀಸಾಗಿ ಬಂತು. ಆಯಿ ಮುಷ್ಟಿಯನ್ನು ಕಷ್ಟಪಟ್ಟು ಎತ್ತಿ ಎರಡೂ ಕಣ್ಣಿಗೆ ಒತ್ತಿಕೊಂಡಳು. ಮುಖದ ಹತ್ತಿರವೇ ಸ್ವಲ್ಪ ಹೊತ್ತು ಇಟ್ಟುಕೊಂಡಳು. ಆಮೇಲೆ ಕಣ್ಣು ತೆರೆದು ನನ್ನನ್ನು ನೋಡಿದಳು, ನನ್ನನ್ನೇ ನೋಡುತ್ತ ಬಾಯಿ ತೆರೆದಳು. ಅವ್ವ ಸಕ್ಕರೆ ಹಾಕಿದಳು.

ಅರ್ಧ ತಾಸಿನ ನಂತರ ಬೇಲಿಯಿಲ್ಲದ ಒಂದು ಗಿಡದ ಕೆಳಗೆ ಮೊಸರು ಬುತ್ತಿ ಉಂಡು ಆಯಿ ಎದ್ದು ನಡೆಯುವಂತಾದಳು. ನಾನು ಜೇಬಿನ ಪತ್ರಿಯನ್ನು ಅದೇ ಗಿಡದ ಬುಡಕ್ಕೆ ಗುಟ್ಟಾಗಿ ಹಾಕಿದೆ. ಅಪ್ಪ ಟೋಕನ್ನು ಕೊಟ್ಟು ಚಪ್ಪಲಿ ತಂದ. ಕಪಾಟಿನವನು ನನ್ನನ್ನು ನೋಡಿಯೂ ಏನೂ ಅನ್ನಲಿಲ್ಲ. ಆಯಿ ತನ್ನ ಚಪ್ಪಲಿಗಳನ್ನು ಕೈಯಲ್ಲಿ ಎತ್ತಿಕೊಂಡಳು. ಚಪ್ಪಲಿಯನ್ನು ಎಂದೂ ಕೈಯಿಂದ ಮುಟ್ಟದ ಆಯಿ! ಅವನ್ನು ತಿರುವಿ ನೋಡಿ, ಬುತ್ತಿಯ ಖಾಲಿ ಚೀಲದಲ್ಲಿ ಹಾಕಿ, ಬರಿಗಾಲಲ್ಲೇ ಆಟೋದವರೆಗೆ ನಡೆದಳು. ಕಾದ ನೆಲದ ಮೇಲೆ ಕಾಲು ಎತ್ತಿ ಎತ್ತಿ ಇಡುತ್ತಿದ್ದಳು. ಅಪ್ಪ ಕೇಳಿದ್ದಕ್ಕೆ ಲಿಂಗ ಹೊಳ್ಳಿ ಸಿಕ್ಕದ್ದಕ್ಕೆ ಹರಕೆ ಅಂದಳು. ಎಷ್ಟು ದಿನದ ಹರಕೆ ಅಂದರೆ, 'ಮುಗಿದ ದಿನಾ ಹೇಳ್ತೇನಿ' ಅಂದಳು. ಊರಿಗೆ ಬಂದ ಮೇಲೆ ಚಪ್ಪಲಿ ಅಟ್ಟ ಸೇರಿದವು.

ಮಠದ ಅಯ್ಯನವರು ಮನೆಗೆ ಬಂದು ಲಿಂಗಕ್ಕೆ ಅಭಿಷೇಕ ಮಾಡಿ ಆಯಿಯ ಕೊರಳಿಗೆ ಮತ್ತೆ ಕಟ್ಟಿದರು. ಲಿಂಗ ಎಲ್ಲಿ ಬಿದ್ದಿತ್ತು ಎಂದು ಅವರು ಕೇಳಿದಾಗ ಆಯಿ ನನ್ನ ಕಡೆ ತಿರುಗಿದಳು.

"ನೀನ ಹೇಳವಾ ಗಿರ್ಜಿ. ಸಿಕ್ಕದ್ದು ನಿನಗ."

ನಾನು ಕಂಬದ ಬುಡಕ್ಕೆ ಅಂದೆ. ಬೀಗರು ಬಂದಾಗ, ಓಣಿಯ ಹೆಂಗಸರು ಕಟ್ಟೆಯ ಮೇಲೆ ಕೂತಾಗ, ಪ್ರತಿ ಸಲವೂ ಆಯಿ ಕಥೆಯನ್ನು ಅಲ್ಲಿಯವರೆಗೆ ತಂದು ನನಗೆ ಬಿಟ್ಟುಕೊಡುತ್ತಿದ್ದಳು. ಪ್ರತಿ ಸಲವೂ ನಾನು ಅದೇ ಮಾತು ಹೇಳುತ್ತಿದ್ದೆ. ಹೇಳುತ್ತ ಹೇಳುತ್ತ ಕಂಬದ ಬುಡದಲ್ಲಿ ಲಿಂಗ ಬಿದ್ದಿದ್ದು ನನ್ನ ಕಣ್ಣಿಗೇ ಕಾಣತೊಡಗಿತು. ಮೊಮ್ಮಗಳ ಮೇಲಿನ ಹೆಮ್ಮೆಯಿಂದ ಆಯಿ ನನ್ನಿಂದ ಹೇಳಿಸುತ್ತಾಳೆ ಅಂದುಕೊಂಡಿದ್ದೆ, ಅಷ್ಟು ಪೆದ್ದಿ ನಾನು. ಬೆಳಗಿನ ಪೂಜೆಗೆ ಮಾತ್ರ ಮತ್ತೆ ಹತ್ತಿರ ಸುಳಿಯಲಿಲ್ಲ. ಶಾಲೆಯ ನೆವ ಹೇಳಿದೆ, ಪರೀಕ್ಷೆಯ ನೆವ ಹೇಳಿದೆ. ಆಯಿ ತಾನೇ ತಾಟು ಎತ್ತಿಕೊಂಡು ಬರಿಗಾಲಲ್ಲಿ ಹಿತ್ತಲಿಗೆ ಹೋಗುತ್ತಿದ್ದಳು. ಬೇಸಿಗೆಯಲ್ಲಿ ಹಿಮ್ಮಡಿ ಸೀಳುತ್ತಿದ್ದವು, ಮಳೆಗಾಲದಲ್ಲಿ ಬೆರಳ ಸಂದಿ ಕೊಳೆಯುತ್ತಿದ್ದವು. ಪತ್ರಿ ತರುವ ರೋಸಾಬಾಯಿ ಒಮ್ಮೆ ತಡೆಯಲಾರದೆ ಕೇಳಿದಳು.

"ಅಮ್ಮಾರ, ಕಾಡಾಗ ತಿರಗೂ ನಾವ ಚಪ್ಪಲಿ ಮೆಟ್ತೇವಿ. ನಿಮಗ ಯಾರ ಕೊಟ್ಟಾರ ಈ ಶಿಕ್ಷಾ?"

ಆಯಿ ನಕ್ಕಳು. ನಾನು ಪುಸ್ತಕದಿಂದ ಮುಖ ಎತ್ತಲಿಲ್ಲ.

ನಾನು ಧಾರವಾಡದಲ್ಲಿ ಕಾಲೇಜು ಓದುವಾಗ ಆಯಿಯ ಬಲಗಾಲಿಗೆ ಹಿತ್ತಲಲ್ಲಿ ಮುಳ್ಳು ಚುಚ್ಚಿತು. ಸಕ್ಕರೆ ಕಾಯಿಲೆಯ ಕಾಲು, ಗಾಯ ಮಾಯಲಿಲ್ಲ. ಬೆರಳು ಕಪ್ಪಾಯಿತು, ಕಪ್ಪು ಮೇಲಕ್ಕೇರಿತು. ಧಾರವಾಡದ ಆಸ್ಪತ್ರೆಗೆ ತಂದರು. ಬರಿಗಾಲಲ್ಲಿ ಯಾಕೆ ತಿರುಗಲು ಬಿಟ್ಟಿರಿ ಎಂದು ಡಾಕ್ಟರು ಅಪ್ಪನನ್ನು ಬೈದು, ಮರುದಿನ ಪಾದ ತೆಗೆಯಬೇಕು ಅಂದರು. ಆ ಸಂಜೆ ಅಪ್ಪ ಅವ್ವ ಔಷಧಿಗೆ ಹೋದಾಗ ನಾನು ಆಯಿಯ ಮಂಚದ ಪಕ್ಕ ಒಬ್ಬಳೇ ಇದ್ದೆ. ಹೊದಿಕೆಯ ಹೊರಗೆ ಆ ಕಾಲು ಇತ್ತು. ಹತ್ತು ವರ್ಷ ಗಂಟಲಲ್ಲಿ ಕೂತದ್ದು ಒಮ್ಮೆಲೇ ಹೊರಗೆ ಬಂತು.

"ಆಯಿ, ಲಿಂಗಾ ಕಂಬದ ಬುಡಕ ಇರಲಿಲ್ಲ. ನಿನ್ನ ಚಪ್ಪಲ್ಯಾಗ ಇತ್ತು. ನಾನ ಇಟ್ಟಿದ್ನಿ. ಅವತ್ತ ನಾ ಕೇಳಲಿಲ್ಲ ನಿನಗ, ಲಿಂಗಾ ತಗೊಂಡಿ ಅಂತ."

ಆಯಿ ನನ್ನ ಕೈ ಎಳೆದು ತನ್ನ ಎದೆಯ ಮೇಲಿನ ಕರಡಿಗೆಯ ಮೇಲೆ ಇಟ್ಟುಕೊಂಡಳು.

"ಗೊತ್ತೈತಿ. ಕಣ್ಣಿಗೆ ಒತ್ತಿಕೊಂಡಾಗನ ತೊಗಲಿನ ವಾಸನಿ ಬಡೀತು. ನೀ ನೋಡಾಕತ್ತಿದ್ದಿ, ಅದಕ್ಕ ಬಾಯಿ ತೆರದ್ನಿ. ನೀ ಕೇಳಲಿಲ್ಲ, ನಾನೂ ನೋಡಲಿಲ್ಲ, ತಪ್ಪ ಇಬ್ಬರದೂ ಐತಿ."

"ಮತ್ತ ಚಪ್ಪಲಿ ಯಾಕ ಬಿಟ್ಟಿ?"

"ಕೂಸಿನ ಬಾಯಿಂದ ಖರೆ ಮಾತ ಬರೂತನಕ ಮೆಟ್ಟೂದಿಲ್ಲ ಅಂತ ಲಿಂಗದ ಮ್ಯಾಲೆ ಆಣಿ ಮಾಡಿದ್ನಿ. ನಾಳೆ ಹೇಳ್ತಿ, ನಾಡದ ಹೇಳ್ತಿ ಅಂದಕೊಂಡ್ನಿ. ಇಷ್ಟ ತಡಾ ಮಾಡ್ತಿ ಅಂತ ಗೊತ್ತಿರಲಿಲ್ಲ ನೋಡು. ಇರಲಿ. ಹರಕಿ ಮುಗೀತು. ಅಟ್ಟದ ಮ್ಯಾಲಿನ ಚಪ್ಪಲಿ ತಗೊಂಬಾ ಹೋಗು."

ನನಗೆ ಸಿಟ್ಟು ಬಂತು. ಇವತ್ತಿಗೂ ಆ ಸಿಟ್ಟು ಹೋಗಿಲ್ಲ. ಒಂದು ಸಲ ಕಿವಿ ಹಿಂಡಿ ಕೇಳಿದ್ದರೆ ಒಂಬತ್ತು ವರ್ಷದವಳು ಎಲ್ಲ ಒದರಿಬಿಡುತ್ತಿದ್ದಳು. ಕೇಳದೆ ಕಾಯುತ್ತ ಕೂತ ಆ ಹಟಮಾರಿ ಪ್ರೀತಿ ಯಾರ ಪಾಲಿಗೂ ಬಾರದಿರಲಿ. ನಾನು ಈಗ ಯಾವ ಮಾತನ್ನೂ ಒಂದು ದಿನ ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ದಾಂಡೇಲಿಯ ಬಂಗೂರನಗರದಲ್ಲಿ ನನ್ನ ನೆರೆಹೊರೆಯವರು ನನ್ನನ್ನು ಬಾಯಿಬಡಕಿ ಅನ್ನುತ್ತಾರೆ. ಅನ್ನಲಿ. ಯಾಕೆ ಹೀಗಾದೆ ಎಂದು ಅವರಿಗೆ ಗೊತ್ತಿಲ್ಲ.

ಮರುದಿನ ಮೊದಲ ಬಸ್ಸಿಗೆ ಹಳಿಯಾಳಕ್ಕೆ ಹೋಗಿ, ಅಟ್ಟ ಹತ್ತಿ, ಧೂಳು ಹಿಡಿದ ಚಪ್ಪಲಿಗೆ ಎಣ್ಣೆ ಹಚ್ಚಿ ಒರೆಸಿ, ಚೀಲದಲ್ಲಿ ಹಾಕಿಕೊಂಡು ಅದೇ ಓಟದಲ್ಲಿ ಧಾರವಾಡಕ್ಕೆ ಬಂದೆ. ಬಸ್ಸು ನಿಂತಲ್ಲೆಲ್ಲ ನನ್ನ ಜೀವ ಹೋಗಿ ಬರುತ್ತಿತ್ತು. ಕೊಯ್ಯುವ ಮೊದಲು ಒಮ್ಮೆ, ಒಂದೇ ಒಂದು ಸಲ, ಎರಡನ್ನೂ ಅವಳ ಕಾಲಿಗೆ ಹಾಕಬೇಕು ಅಷ್ಟೇ. ಆದರೆ ಆಸ್ಪತ್ರೆಯ ಕೆಲಸ ಹೇಳಿದ ಹೊತ್ತಿಗಿಂತ ಮೊದಲೇ ಮುಗಿದಿತ್ತು. ಆಯಿಯನ್ನು ಮಂಚಕ್ಕೆ ತಂದು ಮಲಗಿಸಿದ್ದರು. ಹೊದಿಕೆ ಎಡಗಾಲಿನ ಮೇಲೆ ಉದ್ದಕ್ಕೆ ಹೋಗಿತ್ತು, ಬಲಗಾಲಿನ ಮೇಲೆ ತುದಿಗೆ ಮೊದಲೇ ತಗ್ಗಾಗಿತ್ತು. ನಾನು ಚೀಲವನ್ನು ಬೆನ್ನ ಹಿಂದೆ ಹಿಡಿದು ನಿಂತೆ. ಎಚ್ಚರವಾಗುತ್ತಲೇ ಅವಳು ನನ್ನನ್ನು ಹುಡುಕಿದಳು.

"ತಂದಿ?"

"ತಂದ್ನಿ, ಆಯಿ."

ಅವಳು ಹೊದಿಕೆಯೊಳಗಿಂದ ಎಡಗಾಲನ್ನು ಮೆಲ್ಲಗೆ ಹೊರಗೆ ಚಾಚಿದಳು. ಚೀಲದಲ್ಲಿ ಕೈ ಹಾಕಿ ಎಡಗಾಲಿನ ಚಪ್ಪಲಿ ತೆಗೆದು ಹಾಕಿದೆ. ಕೆಂಪು ದಾರದ್ದನ್ನು ಹೊರಗೆ ತೆಗೆಯಲಿಲ್ಲ.